ಕತ್ತರಿಗಿಂತ ಮುಂಚಿನ ಕೆಲಸ: ಕನ್ನಡ ಚಿತ್ರಗಳಲ್ಲಿ ನಟನೆ, ನಿರ್ದೇಶನ ಮತ್ತು ಸಂಕಲನ

ಚಿತ್ರೀಕರಿಸಿದ ತುಣುಕುಗಳಲ್ಲಿ ಬೇಕಾದುದನ್ನು ಆರಿಸಿ, ಬೇಡದ್ದನ್ನು ಕಳೆದು, ಉಳಿದುದನ್ನು ಕಥೆಗೆ ಒಗ್ಗುವ ಕ್ರಮದಲ್ಲಿ ಮತ್ತು ತಕ್ಕ ಅವಧಿಯಲ್ಲಿ ಜೋಡಿಸುವ ಕೆಲಸವೇ ಸಂಕಲನ. ಈ ಕೆಲಸ ಎಡಿಟಿಂಗ್ ಕೋಣೆಯಲ್ಲಿ ನಡೆಯುತ್ತದೆಯಾದರೂ ಅದರ ಎಲ್ಲೆಗಳು ಗೊತ್ತಾಗುವುದು ಚಿತ್ರೀಕರಣದ ಜಾಗದಲ್ಲಿ. ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಒಂದು ದೃಶ್ಯವನ್ನು ಎಷ್ಟು ಶಾಟ್‌ಗಳಾಗಿ ಒಡೆಯಬೇಕು, ‘ಕಟ್’ ಎಂದು ಯಾವಾಗ ಹೇಳಬೇಕು ಎಂಬುದನ್ನು ನಿರ್ದೇಶಕ ನಿರ್ಧರಿಸುತ್ತಾನೆ. ಮಾತಿನ ವೇಗ, ಮಾತುಗಳ ನಡುವಿನ ಬಿಡುವು, ನೋಟದ ದಿಕ್ಕು, ಕೈಯ ಚಲನೆ ಇವು ನಟನ ಕೈಯಲ್ಲಿರುತ್ತವೆ. ಇವೆರಡರಿಂದ ಸಿಕ್ಕಿದ್ದರಲ್ಲೇ ಸಂಕಲನಕಾರ ಚಿತ್ರ ಕಟ್ಟಬೇಕು. ಕನ್ನಡ ಚಿತ್ರಗಳ 90 ವರ್ಷಗಳ ಇತಿಹಾಸದಲ್ಲಿ ಸಂಕಲನದ ರೀತಿ ಬದಲಾದಾಗಲೆಲ್ಲ ಅದರ ಹಿಂದೆ ನಟನೆಯದೋ ನಿರ್ದೇಶನದ್ದೋ ಬದಲಾವಣೆ ಇದೆ.

ಸಾಮಾನ್ಯವಾದ ಒಂದು ಮಾತುಕತೆಯ ದೃಶ್ಯವನ್ನು ತೆಗೆದುಕೊಂಡರೂ ಈ ಸಂಬಂಧ ತಿಳಿಯುತ್ತದೆ. ಮೊದಲು ಇಬ್ಬರೂ ಕಾಣುವ ಮಾಸ್ಟರ್ ಶಾಟ್, ಆಮೇಲೆ ಒಬ್ಬರ ಭುಜದ ಮೇಲಿಂದ ಇನ್ನೊಬ್ಬರ ಮುಖ, ಕೊನೆಗೆ ಕ್ಲೋಸ್‌ಅಪ್ ಎಂದು ಒಂದೇ ಮಾತುಗಳನ್ನು ಮೂರು ನಾಲ್ಕು ಸಲ ಚಿತ್ರೀಕರಿಸುತ್ತಾರೆ. ಮಾಸ್ಟರ್ ಶಾಟ್‌ನಲ್ಲಿ ಯಾವ ಮಾತಿಗೆ ನಟ ಕಾಫಿ ಲೋಟ ಎತ್ತಿದ್ದನೋ ಕ್ಲೋಸ್‌ಅಪ್‌ನಲ್ಲೂ ಅದೇ ಮಾತಿಗೆ ಎತ್ತಬೇಕು. ತಪ್ಪಿದರೆ ಆ ಜಾಗದಲ್ಲಿ ಕತ್ತರಿಸಲು ಬರುವುದಿಲ್ಲ. ಕತ್ತರಿಸಿದರೆ ಲೋಟ ನೆಗೆದಂತೆ ಕಾಣುತ್ತದೆ. ಎದುರಿನವನು ಕೇಳಿಸಿಕೊಳ್ಳುತ್ತಿರುವ ಮುಖವನ್ನು ನಿರ್ದೇಶಕ ಬೇರೆಯಾಗಿ ತೆಗೆದಿದ್ದರೆ, ತಡವರಿಸಿದ ಮಾತೊಂದನ್ನು ಆ ಮುಖದ ಹಿಂದೆ ಮರೆಸಬಹುದು, ಬೇಡದ ವಾಕ್ಯವನ್ನು ಕಿತ್ತುಹಾಕಬಹುದು. ತೆಗೆಯದಿದ್ದರೆ ಆ ದಾರಿ ಮುಚ್ಚಿತು. ಇಡೀ ದೃಶ್ಯವನ್ನು ಒಂದೇ ಶಾಟ್‌ನಲ್ಲಿ ತೆಗೆದ ನಿರ್ದೇಶಕ ಸಂಕಲನವನ್ನು ಅಲ್ಲೇ ಮುಗಿಸಿರುತ್ತಾನೆ.

ರಂಗದ ಮೇಲಿನಿಂದ ಬಂದ ನಟನೆ

ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ವೈ.ವಿ. ರಾವ್ ನಿರ್ದೇಶಿಸಿದ ಆ ಚಿತ್ರ ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ. ಇಂದ್ರಜಿತನಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ ಅಭಿನಯಿಸಿದ್ದರು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಂಭಾಷಣೆಯಿಂದ ಹಿಡಿದು ಮುಖ್ಯ ಪಾತ್ರಧಾರಿಗಳವರೆಗೆ ಎಲ್ಲವೂ ವೃತ್ತಿರಂಗಭೂಮಿಯಿಂದ ಬಂದದ್ದು. ಅದೇ ವರ್ಷ ಬಂದ ‘ಭಕ್ತ ಧ್ರುವ’, ಮರುವರ್ಷದ ‘ಸದಾರಮೆ’ ಕೂಡ ನಾಟಕದ ಮನೆಯಿಂದಲೇ ಹೊರಟವು.

ಕಂಪನಿ ನಾಟಕದ ನಟ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕಾಣಿಸುವಂತೆ, ಕೇಳಿಸುವಂತೆ ಅಭಿನಯಿಸುವವನು. ಮೈಯೆಲ್ಲ ಬಳಸಿ ನಿಲ್ಲುತ್ತಾನೆ, ಸಭೆಯ ಕಡೆ ಮುಖ ಮಾಡಿ ಮಾತಾಡುತ್ತಾನೆ, ಮಾತಿನ ತುದಿಯಲ್ಲಿ ಕಂದವನ್ನೋ ವೃತ್ತವನ್ನೋ ಎತ್ತಿಕೊಳ್ಳುತ್ತಾನೆ. ಇಂಥ ಅಭಿನಯಕ್ಕೆ ತಲೆಯಿಂದ ಕಾಲಿನವರೆಗೆ ಕಾಣುವ ದೂರದ ಶಾಟ್ ಹೊಂದುತ್ತದೆ. ಮುಖವನ್ನು ಹತ್ತಿರ ತಂದರೆ ಅದೇ ಅಭಿನಯ ಅತಿಯಾಗಿ ಕಾಣುತ್ತದೆ. ಆ ಕಾಲದ ಧ್ವನಿಗ್ರಹಣವೂ ಇದಕ್ಕೆ ಒತ್ತುಕೊಟ್ಟಿತು. ಮಾತು, ಹಾಡು, ವಾದ್ಯ ಎಲ್ಲವನ್ನೂ ಕ್ಯಾಮೆರಾ ಓಡುತ್ತಿರುವಾಗಲೇ ಹಿಡಿಯಬೇಕಿದ್ದುದರಿಂದ ಹಾಡಿನ ನಡುವೆ ಶಾಟ್ ಬದಲಿಸಿದರೆ ಶ್ರುತಿಯೂ ಲಯವೂ ಮುರಿಯುತ್ತಿದ್ದವು. 1935ರ ಹೊತ್ತಿಗೆ ಭಾರತೀಯ ಚಿತ್ರಗಳಲ್ಲಿ ಹಿನ್ನೆಲೆ ಗಾಯನ ಶುರುವಾಗಿ ಮುಂದೆ ಎಲ್ಲೆಡೆ ಹರಡಿತು. ಹಾಡು ಮೊದಲೇ ಧ್ವನಿಮುದ್ರಣವಾಗಿ ಚಿತ್ರೀಕರಣದಲ್ಲಿ ನಟ ತುಟಿಯಾಡಿಸುವಂತಾದ ಮೇಲೆ ಒಂದು ಚರಣವನ್ನು ನಾಲ್ಕು ಕಡೆಯಿಂದ, ನಾಲ್ಕು ಜಾಗಗಳಲ್ಲಿ ತೆಗೆದು ಜೋಡಿಸುವುದು ಸಾಧ್ಯವಾಯಿತು.

ಕಂಪನಿ ನಾಟಕದ ರುಚಿ ಪಟ್ಟಣಗಳಿಗಷ್ಟೇ ಸೇರಿದ್ದಾಗಿರಲಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಅಭ್ಯಾಸ ನಡೆಸಿ, ಬಾಡಿಗೆಗೆ ತಂದ ಡ್ರಾಮಾ ಸೀನರಿ ಕಟ್ಟಿ, ಊರವರೇ ರಾತ್ರಿಯಿಡೀ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕ ಆಡುವ ರೂಢಿ ಹಾಸನ, ತುಮಕೂರು, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಇದೆ. ದುರ್ಯೋಧನನ ಮಾತು ಪೂರ್ತಿ ಕೇಳಬೇಕು, ಕೃಷ್ಣನ ಪದ್ಯಕ್ಕೆ ‘ಒನ್ಸ್ ಮೋರ್’ ಕೂಗಬೇಕು ಎನ್ನುವ ಪ್ರೇಕ್ಷಕರು ಇವರು. ಮಾತಿನ ನಡುವೆ ಕತ್ತರಿ ಆಡಿಸುವುದು ಅವರಿಗೆ ಹಿಡಿಸುವಂಥದ್ದಲ್ಲ ಎಂಬುದು ಆರಂಭದ ನಿರ್ಮಾಪಕರಿಗೆ ತಿಳಿದೇ ಇತ್ತು.

ಹಳ್ಳಿಗಳಿಗೆ ಸಿನಿಮಾ ತಲುಪಿಸಿದ್ದು ಟೂರಿಂಗ್ ಟಾಕೀಸು. ಊರಾಚೆಯ ಬಯಲಲ್ಲಿ ಟೆಂಟು ಹಾಕಿ, ನೆಲಕ್ಕೊಂದು ದರ, ಬೆಂಚಿಗೊಂದು ದರ ಎಂದು ಟಿಕೆಟ್ ಮಾರಿ ಆಟ ನಡೆಸುತ್ತಿದ್ದರು. ಒಂದೇ ಪ್ರೊಜೆಕ್ಟರ್ ಇದ್ದ ಕಡೆ ರೀಲು ಮುಗಿದಾಗಲೆಲ್ಲ ಆಟ ನಿಲ್ಲಲೇಬೇಕಿತ್ತು. ಸಂಕಲನಕಾರ ಬಯಸದ ಜಾಗದಲ್ಲಿ ಬೀಳುವ ಈ ಬಿಡುವಿನ ನಂತರ ಪ್ರೇಕ್ಷಕರನ್ನು ಮತ್ತೆ ಕಥೆಯೊಳಗೆ ಕರೆತರುವ ಹೊಣೆ ನಟನ ದನಿ ಮತ್ತು ನಿಲುವಿನ ಮೇಲೆಯೇ ಬೀಳುತ್ತಿತ್ತು.

ಮದರಾಸಿನ ವರ್ಷಗಳು ಮತ್ತು ಫಿಲ್ಮಿನ ಬೆಲೆ

1950 ಮತ್ತು 60ರ ದಶಕಗಳಲ್ಲಿ ಕನ್ನಡ ಚಿತ್ರಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾದವು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ (1954) ಗುಬ್ಬಿ ಕಂಪನಿಯಲ್ಲಿ ಬೆಳೆದ ರಾಜ್‌ಕುಮಾರ್ ಅವರನ್ನು ನಾಯಕನಾಗಿ ತಂದಿತು. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಕೂಡ ಗುಬ್ಬಿ ವೀರಣ್ಣನವರ ಕಂಪನಿಯ ನಟರು. ರಂಗದ ನಟನಿಗೆ ನೂರಾರು ಆಟಗಳಿಂದ ಬಂದ ಒಂದು ಶಿಸ್ತು ಇರುತ್ತದೆ: ಅದೇ ಮಾತಿಗೆ ಅದೇ ಹೆಜ್ಜೆ, ಅದೇ ಏರಿಳಿತ. ಟೇಕ್‌ನಿಂದ ಟೇಕ್‌ಗೆ ಬದಲಾಗದ ಈ ಅಭಿನಯ ಎರಡು ಶಾಟ್‌ಗಳನ್ನು ಕೂಡಿಸುವವನಿಗೆ ದೊಡ್ಡ ಅನುಕೂಲ.

ಆ ಅನುಕೂಲಕ್ಕೆ ಆಗ ಹಣದ ಬೆಲೆಯೂ ಇತ್ತು. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳು; ಸೆಕೆಂಡಿಗೆ 24 ಚೌಕಟ್ಟುಗಳಂತೆ ಒಂದು ನಿಮಿಷಕ್ಕೆ 90 ಅಡಿ ಓಡಿಹೋಗುತ್ತದೆ. 1000 ಅಡಿಯ ಸುರುಳಿ ಸುಮಾರು 11 ನಿಮಿಷಕ್ಕೆ ಖಾಲಿ. ಎರಡೂವರೆ ಗಂಟೆಯ ಚಿತ್ರವೇ 13,500 ಅಡಿಯಾಗುತ್ತದೆ. ಎಸೆಯುವ ಟೇಕ್‌ಗಳ ಲೆಕ್ಕ ಬೇರೆ. ಕಚ್ಚಾ ಫಿಲ್ಮು ಹೊರದೇಶಗಳಿಂದ ಬರಬೇಕಿತ್ತು. ಹೀಗಾಗಿ ಚೆನ್ನಾಗಿ ತಾಲೀಮು ಮಾಡಿಸಿ ಒಂದೆರಡು ಟೇಕ್‌ಗೆ ಮುಗಿಸುವುದು ನಿರ್ದೇಶಕರ ರೂಢಿಯಾಯಿತು. ಸಂಕಲನಕಾರನಿಗೆ ಸಿಗುತ್ತಿದ್ದುದು ಒಂದು ಓಕೆ ಟೇಕ್, ಹೆಚ್ಚೆಂದರೆ ಇನ್ನೊಂದು. ಅವನ ಮುಂದೆ ಆಯ್ಕೆಗಳು ಕಡಿಮೆ ಇದ್ದವು. ಯಾವುದು ಉಳಿಯಬೇಕೆಂಬ ತೀರ್ಮಾನ ಸೆಟ್ಟಿನಲ್ಲೇ ಆಗಿರುತ್ತಿತ್ತು. ಮೂವಿಯೋಲಾ ಯಂತ್ರದ ಪುಟ್ಟ ಕಿಂಡಿಯಲ್ಲಿ ರಷ್ ಪ್ರಿಂಟ್ ನೋಡುತ್ತ, ಗ್ರೀಸ್ ಪೆನ್ಸಿಲಿನಿಂದ ಗುರುತು ಹಾಕಿ, ಕತ್ತರಿಸಿ ಅಂಟಿಸುವ ಕೆಲಸ ಅದು. ಒಂದು ಕಟ್ ಬದಲಿಸಬೇಕಾದರೆ ಅಂಟು ಬಿಡಿಸಿ, ಚಿತ್ರದ ಫಿಲ್ಮು ಮತ್ತು ಧ್ವನಿಯ ಫಿಲ್ಮು ಎರಡನ್ನೂ ಮತ್ತೆ ಸರಿಹೊಂದಿಸಬೇಕಿತ್ತು.

ಮಾತುಗಳನ್ನು ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಹೇಳಿಸುವ ಪದ್ಧತಿ ಬಲವಾದ ಮೇಲೆ ನಟನೆ ಎರಡು ಸಲ ನಡೆಯತೊಡಗಿತು: ಮುಖದ್ದು ಸೆಟ್ಟಿನಲ್ಲಿ, ದನಿಯದು ಸ್ಟುಡಿಯೋದಲ್ಲಿ. ತುಟಿ ಕಾಣದ ಜಾಗದಲ್ಲಿ ಮಾತನ್ನು ಹಿಗ್ಗಿಸಲು, ಕುಗ್ಗಿಸಲು, ಹೊಸದಾಗಿ ಸೇರಿಸಲು ಇದರಿಂದ ಅವಕಾಶವಾಯಿತು. ತುಟಿ ಕಾಣುವ ಕಡೆ ಮಾತ್ರ ಸೆಟ್ಟಿನ ಲಯಕ್ಕೆ ನಟ ಕಟ್ಟುಬೀಳಬೇಕಿತ್ತು.

ಬೇಲೂರಿನ ಶಿಲ್ಪಿ ಮತ್ತು ಬಣ್ಣ

ಹಾಸನ ಜಿಲ್ಲೆಯ ನೆನಪಿಗೆ ಸೇರಿದ ಕಥೆಯೊಂದು ಕನ್ನಡ ಸಂಕಲನಕ್ಕೆ ಹೊಸ ತೊಡಕನ್ನು ತಂದಿತು. ಬಿ.ಎಸ್. ರಂಗಾ ನಿರ್ದೇಶಿಸಿದ ‘ಅಮರಶಿಲ್ಪಿ ಜಕಣಾಚಾರಿ’ (1964) ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಜನರ ನಂಬಿಕೆಯಲ್ಲಿ ಬೇಲೂರು ದೇವಾಲಯದೊಂದಿಗೆ ಬೆಸೆದುಕೊಂಡಿರುವ ಶಿಲ್ಪಿಯ ಪಾತ್ರದಲ್ಲಿ ಕಲ್ಯಾಣ್‌ಕುಮಾರ್, ಎದುರಿಗೆ ಬಿ. ಸರೋಜಾದೇವಿ. ರಂಗಾ ಮೂಲತಃ ಛಾಯಾಗ್ರಾಹಕರು.

ಕಪ್ಪುಬಿಳುಪಿನಲ್ಲಿ ಬೆಳಗಿನ ಶಾಟ್ ಒಂದಕ್ಕೆ ಮಧ್ಯಾಹ್ನದ ಶಾಟ್ ಅಂಟಿಸಿದರೂ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಬಣ್ಣದಲ್ಲಿ ಎಳೆಬಿಸಿಲಿನ ಹಳದಿ, ನೆತ್ತಿಯ ಬಿಸಿಲಿನ ಬಿಳುಪು ಬೇರೆಬೇರೆ. ಎರಡನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಬಡಿಯುತ್ತದೆ. ಸೀರೆಯ ಬಣ್ಣ, ಮುಖದ ಮೇಕಪ್, ಹಿಂದಿನ ಗೋಡೆ ಎಲ್ಲವೂ ಕಂಟಿನ್ಯುಟಿಯ ಲೆಕ್ಕಕ್ಕೆ ಬಂದವು. ಬಣ್ಣದ ಫಿಲ್ಮು ಕಪ್ಪುಬಿಳುಪಿನದಕ್ಕಿಂತ ದುಬಾರಿಯಾದ್ದರಿಂದ ಟೇಕ್‌ಗಳ ಮೇಲಿನ ಹಿಡಿತವೂ ಬಿಗಿಯಾಯಿತು. ನೃತ್ಯದ್ದು ಮತ್ತೊಂದು ಕಟ್ಟುಪಾಡು. ನರ್ತಿಸುವ ಮೈಯನ್ನು ಪೂರ್ತಿಯಾಗಿ, ಸಾಕಷ್ಟು ಹೊತ್ತು ತೋರಿಸಿದರೆ ಮಾತ್ರ ಭಂಗಿ ಭಂಗಿಯಾಗಿ ಕಾಣುತ್ತದೆ. ಕಾಲು, ಕಣ್ಣು, ಕೈ ಎಂದು ತುಂಡರಿಸಿದರೆ ನೃತ್ಯದ ಲಯ ಹೋಗಿ ಕತ್ತರಿಯ ಲಯ ಉಳಿಯುತ್ತದೆ. ನರ್ತಿಸಬಲ್ಲ ನಟಿ ಇದ್ದಾಗ ಶಾಟ್ ಉದ್ದವಾಗುವುದು, ಇಲ್ಲದಾಗ ಚೂರುಚೂರಾಗುವುದು ಎಲ್ಲ ಭಾಷೆಯ ಚಿತ್ರಗಳಲ್ಲೂ ಕಾಣುವ ನಿಯಮ.

ಪುಟ್ಟಣ್ಣ ಕಣಗಾಲ್: ಮುಖದ ಕಡೆಗೆ

ಬಿ.ಆರ್. ಪಂತುಲು ಅವರ ಬಳಿ ಪಳಗಿದ ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ದಿಂದ (1967) ಮುಂದೆ ಕಾದಂಬರಿಗಳನ್ನು ತೆರೆಗೆ ತಂದರು. ಕಾದಂಬರಿಯಲ್ಲಿ ಪಾತ್ರದ ಮನಸ್ಸನ್ನು ಲೇಖಕ ವಿವರಿಸುತ್ತಾನೆ; ಸಿನಿಮಾದಲ್ಲಿ ಅದನ್ನು ಮುಖವೇ ಹೇಳಬೇಕು. ಹಾಗಾಗಿ ಪುಟ್ಟಣ್ಣನವರ ಚಿತ್ರಗಳಲ್ಲಿ ಕ್ಲೋಸ್‌ಅಪ್‌ಗೂ ಝೂಮ್‌ಗೂ ಹೊಸ ಬೆಲೆ ಬಂತು. ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಶರಪಂಜರ’ (1971) ಇದಕ್ಕೆ ತಕ್ಕ ನಿದರ್ಶನ. ಮಾನಸಿಕ ಆಸ್ಪತ್ರೆಯಿಂದ ಗುಣಮುಖಳಾಗಿ ಮನೆಗೆ ಮರಳಿದ ಕಾವೇರಿಯನ್ನು ಸುತ್ತಲಿನವರು ಅನುಮಾನದಿಂದಲೇ ನೋಡುತ್ತಾರೆ. ಕಾವೇರಿಯಾಗಿ ಕಲ್ಪನಾ ಅವರದು ಏರುದನಿಯ, ಕಣ್ಣು ತುಟಿ ಕೊರಳು ಎಲ್ಲ ಒಟ್ಟಿಗೆ ದುಡಿಯುವ ಅಭಿನಯ. ಒಂದು ಭಾವದಿಂದ ಇನ್ನೊಂದಕ್ಕೆ ಅವರು ದಾಟುವ ಕ್ಷಣ ಮುಖ್ಯವಾದ್ದರಿಂದ ಆ ದಾಟುವಿಕೆ ಮುಗಿಯುವ ತನಕ ಶಾಟ್ ಕಾಯಬೇಕು. ಕಾವೇರಿಯನ್ನು ನೋಡುವವರ ಮುಖಗಳು ಮಾತ್ರ ಚಿಕ್ಕ ಚಿಕ್ಕ ಶಾಟ್‌ಗಳಾಗಿ ಬಂದು ಹೋಗಬಹುದು. ಒಬ್ಬಳ ಉದ್ದನೆಯ ನೋವು, ಹಲವರ ಗಳಿಗೆಯ ನೋಟ ಎಂಬ ಕಥೆಯ ಹದವೇ ಸಂಕಲನದ ಹದವೂ ಆಗುತ್ತದೆ.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ‘ನಾಗರಹಾವು’ (1972) ಚಿತ್ರದಲ್ಲಿ ಒಂದು ಹಾಡನ್ನು ನಿಧಾನಗತಿಯಲ್ಲಿ ತೆಗೆದದ್ದು ಹೆಸರಾಯಿತು. ಇಂಥ ನಿಧಾನಗತಿ ಆಗ ಎಡಿಟಿಂಗ್ ಮೇಜಿನ ಮೇಲೆ ಹುಟ್ಟುತ್ತಿರಲಿಲ್ಲ. ಕ್ಯಾಮೆರಾವನ್ನು 24ಕ್ಕಿಂತ ಹೆಚ್ಚು ಚೌಕಟ್ಟುಗಳ ವೇಗದಲ್ಲಿ ಓಡಿಸಿ, ಮಾಮೂಲಿ ವೇಗದಲ್ಲಿ ತೋರಿಸಿದಾಗ ಚಲನೆ ತೇಲುತ್ತದೆ. ಆ ಫಿಲ್ಮಿನ ಕಾಲವನ್ನು ನಿರ್ದೇಶಕ ಮೊದಲೇ ಹಿಗ್ಗಿಸಿರುತ್ತಾನೆ. ಸಂಕಲನಕಾರ ಅದಕ್ಕೆ ತಕ್ಕಂತೆ ಕಟ್‌ಗಳನ್ನು ಕಡಿಮೆ ಮಾಡಬೇಕಾಗುತ್ತದೆ.

ಹೊಸ ಅಲೆಯ ಸಂಯಮ

ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಆಸ್ಟ್ರೇಲಿಯಾದ ಛಾಯಾಗ್ರಾಹಕ ಟಾಮ್ ಕೋವನ್ ಅವರ ಕ್ಯಾಮೆರಾದೊಂದಿಗೆ ಸ್ಟುಡಿಯೋ ಬಿಟ್ಟು ಮಲೆನಾಡಿನ ಊರಿಗೆ ಹೋಯಿತು. ನಟಿಸಿದವರಲ್ಲಿ ಗಿರೀಶ ಕಾರ್ನಾಡ, ಪಿ. ಲಂಕೇಶರಂಥ ಬರಹಗಾರರಿದ್ದರು. ಮರುವರ್ಷ ಕಾರ್ನಾಡ ಮತ್ತು ಬಿ.ವಿ. ಕಾರಂತರು ಕೂಡಿ ‘ವಂಶವೃಕ್ಷ’ ನಿರ್ದೇಶಿಸಿದರು. ಅದರ ಮೂಲ ಕಾದಂಬರಿ ಹಾಸನ ಜಿಲ್ಲೆಯ ಸಂತೇಶಿವರದ ಎಸ್.ಎಲ್. ಭೈರಪ್ಪನವರದು. ಇಬ್ಬರು ನಿರ್ದೇಶಕರೂ ನಾಟಕದವರಾದರೂ ಅವರ ರಂಗಭೂಮಿ ಆಧುನಿಕವಾದದ್ದು. ಮಾತು ತಗ್ಗಿತು, ಮೌನ ಹೆಚ್ಚಿತು. ಮಾತು ಮುಗಿದ ಕೂಡಲೆ ಕತ್ತರಿಸುವ ಹಳೆಯ ಪದ್ಧತಿ ಇಲ್ಲಿ ನಡೆಯುವಂತಿರಲಿಲ್ಲ. ಮಾತು ನಿಂತ ಮೇಲಿನ ಮೂರು ನಾಲ್ಕು ಸೆಕೆಂಡುಗಳಲ್ಲೇ ದೃಶ್ಯದ ಅರ್ಥ ಇರುತ್ತಿತ್ತು.

ಮಗುವಿನ ಕಣ್ಣಿನಿಂದ ಕಥೆ ಹೇಳುವುದು ಈ ಚಿತ್ರಗಳ ಇನ್ನೊಂದು ಆಯ್ಕೆ. ಕಾರ್ನಾಡರ ‘ಕಾಡು’ (1973) ಚಿತ್ರದ ಕಿಟ್ಟಿ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ನಾಣಿ ಇಬ್ಬರೂ ದೊಡ್ಡವರ ಲೋಕವನ್ನು ಅರ್ಧ ಅರ್ಥವಾಗಿ, ಅರ್ಧ ಆಗದೆ ನೋಡುವ ಹುಡುಗರು. ‘ಘಟಶ್ರಾದ್ಧ’ದಲ್ಲಿ ನಾಣಿಗೆ ಕಂಡಷ್ಟೇ ಪ್ರೇಕ್ಷಕನಿಗೂ ಕಾಣಬೇಕು, ವಿಧವೆ ಯಮುನೆಯ ಪಾಡು ಅವನ ನೋಟದ ಮೂಲಕ ಸೋಸಿ ಬರಬೇಕು. ಹುಡುಗನ ಮುಖ, ಅವನು ಕಂಡದ್ದು, ಮತ್ತೆ ಅವನ ಮುಖ ಎಂಬ ಜೋಡಣೆ ಇದಕ್ಕೆ ಬೇಕಾಗುತ್ತದೆ.

ಈ ಜೋಡಣೆಯ ಬಲವನ್ನು ರಷ್ಯಾದ ಲೆವ್ ಕುಲೆಶೋವ್ ಸುಮಾರು 1920ರ ಹೊತ್ತಿಗೇ ತೋರಿಸಿದ್ದ. ನಟ ಮೊಸ್ಜುಖಿನ್‌ನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕ ಇಟ್ಟಾಗ ನೋಡಿದವರು ಅವನಲ್ಲಿ ಹಸಿವನ್ನೂ ದುಃಖವನ್ನೂ ಕಂಡರೆಂದು ಆ ಪ್ರಯೋಗದ ಕಥೆ. ಮಕ್ಕಳ ಅಭಿನಯಕ್ಕೆ ಈ ತತ್ವ ಹೇಳಿಮಾಡಿಸಿದಂತಿದೆ. ಒಂದೇ ಭಾವವನ್ನು ಹತ್ತು ಸಲ ಅಷ್ಟೇ ಸರಿಯಾಗಿ ತೋರಿಸುವುದು ಮಗುವಿಗೆ ಕಷ್ಟ. ಸುಮ್ಮನೆ ನೋಡುವುದು ಸಲೀಸು. ನಿರ್ದೇಶಕ ಆ ಸುಮ್ಮನೆಯ ನೋಟವನ್ನು ತೆಗೆದಿಟ್ಟುಕೊಂಡರೆ ಉಳಿದ ಅರ್ಥವನ್ನು ಸಂಕಲನ ತುಂಬುತ್ತದೆ. ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಬಂತು, 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು.

ಕಾಸರವಳ್ಳಿಯವರ ‘ತಬರನ ಕಥೆ’ (1986) ಸಂಕಲನಕಾರ ಎಂ.ಎನ್. ಸ್ವಾಮಿ ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯ ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕ. ಚಾರುಹಾಸನ್ ಅವನನ್ನು ಸರ್ಕಾರವನ್ನು ನಂಬಿ ಅಲೆಯುವ ಮನುಷ್ಯನನ್ನಾಗಿ ಮಾಡಿದರು. ಆ ವರ್ಷದ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಅವರಿಗೆ ಬಂತು. ಅಲೆದಾಟವೇ ಕಥೆಯಾದ ಕಡೆ ಸಂಕಲನಕ್ಕೆ ಎರಡು ದಾರಿಗಳಿವೆ: ಕಾಯುವುದನ್ನು ಕತ್ತರಿಸಿ ಕಚೇರಿಗಳನ್ನು ಸಾಲಾಗಿ ತೋರಿಸುವುದು, ಇಲ್ಲವೇ ಕಾಯುವುದನ್ನೇ ತೋರಿಸುವುದು. ನಟ ಸುಮ್ಮನೆ ನಿಂತಾಗಲೂ ನೋಡುವಂತಿದ್ದರೆ ಮಾತ್ರ ಎರಡನೆಯದು ಸಾಧ್ಯ.

ಹಾಡಿಲ್ಲದ, ಮಾತಿಲ್ಲದ ಚಿತ್ರಗಳು

ಹಾಡು ಮಾಮೂಲಿ ಕನ್ನಡ ಚಿತ್ರದ ಸಂಕಲನಕ್ಕೆ ಒಂದು ಆಸರೆ. ಕಾಲ ಸರಿದದ್ದನ್ನು, ಪ್ರೀತಿ ಬೆಳೆದದ್ದನ್ನು ಐದು ನಿಮಿಷದ ಹಾಡಿನಲ್ಲಿ ದಾಟಿಸಬಹುದು. ಶಂಕರ್‌ನಾಗ್ ‘ಆಕ್ಸಿಡೆಂಟ್’ (1985) ಚಿತ್ರದಲ್ಲಿ ಹಾಡುಗಳನ್ನು ಬಿಟ್ಟರು. ಆಗ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವ ಬಿಗಿಯನ್ನು ತನಿಖೆಯ ಎಳೆ ಮತ್ತು ಕಟ್‌ಗಳೇ ಹೊರಬೇಕಾಯಿತು. ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ (1987) ಮಾತನ್ನೇ ಬಿಟ್ಟಿತು. ಮಾತಿದ್ದರೆ ಎಲ್ಲಿ ಕತ್ತರಿಸಬೇಕೆಂದು ವಾಕ್ಯವೇ ಹೇಳುತ್ತದೆ. ಮಾತಿಲ್ಲದಾಗ ಕಮಲಹಾಸನ್ ಹುಬ್ಬು ಏರಿಸಿದ್ದೋ ಅಮಲಾ ತಿರುಗಿ ನೋಡಿದ್ದೋ ಆ ಕೆಲಸ ಮಾಡಬೇಕು. ಹಾಸ್ಯಕ್ಕಂತೂ ಕ್ರಿಯೆ ಮತ್ತು ಪ್ರತಿಕ್ರಿಯೆಯ ನಡುವಿನ ಅಂತರ ಸರಿಯಾಗಿರಬೇಕು; ಕೆಲವು ಚೌಕಟ್ಟುಗಳು ಆಚೀಚೆಯಾದರೂ ನಗು ಬರುವುದಿಲ್ಲ.

ಕಾಲವನ್ನು ಕಲೆಸುವ ನಿರ್ದೇಶಕರು

1990ರ ದಶಕದಲ್ಲಿ ಕನ್ನಡಿಗ ಸಂಕಲನಕಾರರ ಹೆಸರು ಹೊರಗೂ ಕೇಳಿಬಂತು. ಮಣಿರತ್ನಂ ಅವರ ‘ಬಾಂಬೆ’ (1995) ಚಿತ್ರಕ್ಕಾಗಿ ಸುರೇಶ್ ಅರಸ್ ಶ್ರೇಷ್ಠ ಸಂಕಲನದ ರಾಷ್ಟ್ರಪ್ರಶಸ್ತಿ ಪಡೆದರು. ಇದೇ ದಶಕದಲ್ಲಿ ಉಪೇಂದ್ರ ‘ಓಂ’ (1995) ಮತ್ತು ‘ಎ’ (1998) ಚಿತ್ರಗಳಲ್ಲಿ ಕಥೆಯ ಕಾಲವನ್ನು ಹಿಂದುಮುಂದಾಗಿಸಿದರು. ಇಂಥ ಚಿತ್ರಗಳಲ್ಲಿ ಒಂದೇ ಪಾತ್ರ ಕಥೆಯ ಬೇರೆಬೇರೆ ಹಂತಗಳಲ್ಲಿ ಅಕ್ಕಪಕ್ಕ ಕಾಣುತ್ತದೆ. ನಿಲುವು, ದನಿ, ವೇಷಗಳಲ್ಲಿ ನಟ ವ್ಯತ್ಯಾಸ ತೋರದಿದ್ದರೆ ಪ್ರೇಕ್ಷಕನಿಗೆ ದಾರಿ ತಪ್ಪುತ್ತದೆ.

ಸಂಕಲನ ಕಂಪ್ಯೂಟರಿಗೆ ಬಂದ ಮೇಲೆ ಅಂಟು ಬಿಡಿಸುವ ಕಷ್ಟ ಹೋಯಿತು. ಒಂದು ದೃಶ್ಯವನ್ನು ಹತ್ತು ಬಗೆಯಲ್ಲಿ ಜೋಡಿಸಿ ನೋಡುವುದು ಸುಲಭವಾಯಿತು. ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮಿನ ಖರ್ಚೂ ಇಳಿಯಿತು. ಟೇಕ್‌ಗಳು ಹೆಚ್ಚಿದವು, ತೀರ್ಮಾನಗಳು ಸೆಟ್ಟಿನಿಂದ ಎಡಿಟಿಂಗ್ ಕೋಣೆಗೆ ಸರಿದವು. ಜನರಿಂದ ಹಣ ಕೂಡಿಸಿ ಪವನ್‌ಕುಮಾರ್ ಮಾಡಿದ ‘ಲೂಸಿಯಾ’ (2013) ಚಿತ್ರದಲ್ಲಿ ಸತೀಶ್ ನೀನಾಸಂ ಎರಡು ಬದುಕುಗಳನ್ನು ನಟಿಸಿದರು. ಒಂದು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಕತ್ತರಿ ಯಾವ ಲೋಕದಲ್ಲಿದೆ ಎಂಬ ಗುರುತನ್ನು ಇಲ್ಲಿ ನಿರ್ದೇಶಕ ಬಣ್ಣದಿಂದಲೇ ಕೊಟ್ಟಿದ್ದರಿಂದ ಚಿತ್ರ ಆ ಕಡೆ ಈ ಕಡೆ ಸಲೀಸಾಗಿ ಜಿಗಿಯಬಲ್ಲದು.

ನಟರಲ್ಲದವರು ಮತ್ತು ಎರಡು ತುದಿಗಳು

ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು, 2016ರಲ್ಲಿ ಬಿಡುಗಡೆಯಾಯಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮದ ಸುತ್ತಿನ, ಹಿಂದೆ ಎಂದೂ ನಟಿಸದ ಹಳ್ಳಿಯವರೇ ಸೆಂಚುರಿ ಗೌಡ, ಗಡ್ಡಪ್ಪ, ತಮ್ಮಣ್ಣ, ಅಭಿಯ ಪಾತ್ರಗಳನ್ನು ಮಾಡಿದರು. ಇಂಥವರಿಂದ ಕಂಪನಿ ನಟನ ಪುನರಾವರ್ತನೆಯ ಶಿಸ್ತನ್ನು ಕೇಳುವಂತಿಲ್ಲ. ಒಂದು ಟೇಕ್‌ನಲ್ಲಿ ಬೀಡಿ ಎಡಗೈಯಲ್ಲಿ, ಇನ್ನೊಂದರಲ್ಲಿ ಬಲಗೈಯಲ್ಲಿ ಇರಬಹುದು. ಮಾತೂ ಅಷ್ಟಿಷ್ಟು ಬದಲಾಗಬಹುದು. ಬದಲಿಗೆ ಅವರಲ್ಲಿ ಸಿಗುವುದು ಮಾತಿನ ಸಹಜ ಓಟ, ನಡಿಗೆ, ಕೂರುವ ರೀತಿ. ಆ ಸಹಜತೆಯನ್ನು ಉಳಿಸಬೇಕಾದರೆ ಕ್ಯಾಮೆರಾ ತುಸು ದೂರ ನಿಂತು, ಹಲವರನ್ನು ಒಂದೇ ಚೌಕಟ್ಟಿನಲ್ಲಿ ಹಿಡಿದು, ಶಾಟ್ ಉದ್ದವಾಗಿರಬೇಕು.

ಅದರ ಎದುರು ತುದಿಯಲ್ಲಿರುವುದು ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ ಚಿತ್ರಗಳು (2018, 2022). ನಿರೂಪಕನೊಬ್ಬ ಹೇಳುವ ದಂತಕಥೆಯಂತೆ ಅವು ಕಟ್ಟಲ್ಪಟ್ಟಿವೆ. ಎರಡನೆಯ ಭಾಗದ ಸಂಕಲನ ಆಗಿನ್ನೂ ತೀರ ಎಳೆಯ ವಯಸ್ಸಿನ ಉಜ್ವಲ್ ಕುಲಕರ್ಣಿ ಅವರದು. ನಿರೂಪಣೆಯ ದನಿ ಮೇಲೆ ಹರಿಯುತ್ತಿರುವಾಗ ಕೆಳಗಿನ ಚಿತ್ರಗಳು ಜಾಗದಿಂದ ಜಾಗಕ್ಕೆ, ಕಾಲದಿಂದ ಕಾಲಕ್ಕೆ ಕ್ಷಣಾರ್ಧದಲ್ಲಿ ನೆಗೆಯಬಹುದು. ನಟನಿಂದ ಇಲ್ಲಿ ಬೇಕಾದದ್ದು ನಿಲುವು, ನೋಟ, ನಡಿಗೆ. ಒಂದೊಂದೂ ಚಿಕ್ಕ ತುಣುಕಿನಲ್ಲೇ ಪೂರ್ತಿ ತಲುಪುವಂಥದ್ದು. ‘ಕಾಂತಾರ’ (2022) ಚಿತ್ರದಲ್ಲಿ ರಿಷಬ್ ಶೆಟ್ಟಿ ನಿರ್ದೇಶಕರೂ ಹೌದು, ನಟರೂ ಹೌದು, ಸಂಕಲನ ಕೆ.ಎಂ. ಪ್ರಕಾಶ್ ಮತ್ತು ಪ್ರತೀಕ್ ಶೆಟ್ಟಿ ಅವರದು. ಅದರ ಕೊನೆಯ ಭಾಗದ ದೈವದ ಆವೇಶ ಮೈಯೆಲ್ಲದರ ಅಭಿನಯ. ಅಲ್ಲಿ ಮೈ ಕುಣಿದಷ್ಟು ಹೊತ್ತು ಶಾಟ್ ಉಳಿಯಬೇಕು, ಉಸಿರು ನಿಂತ ಕಡೆ ಕಟ್ ಬರಬೇಕು. ಆ ವರ್ಷದ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ರಿಷಬ್ ಶೆಟ್ಟಿ ಅವರಿಗೆ ಸಂದಿತು.

ಕಂಪನಿ ನಾಟಕದ ತುಂಬುದನಿಯಿಂದ ಹಿಡಿದು ನಟರಲ್ಲದವರ ಹಳ್ಳಿಮಾತಿನವರೆಗೆ ಕನ್ನಡ ಚಿತ್ರಗಳು ನಡೆದ ದಾರಿಯಲ್ಲಿ ಯಂತ್ರಗಳು ಮೂರು ನಾಲ್ಕು ಸಲ ಬದಲಾಗಿವೆ. ಯಂತ್ರ ಬದಲಾದಾಗ ಸಂಕಲನದ ಶ್ರಮ ಕಡಿಮೆಯಾಯಿತು, ಆಯ್ಕೆ ಹೆಚ್ಚಿತು. ಅದರ ರೀತಿಯನ್ನು ಬದಲಿಸಿದ್ದು ಮಾತ್ರ ಹೊಸ ಬಗೆಯ ನಟರು ಮತ್ತು ಅವರನ್ನು ಹೊಸ ಬಗೆಯಲ್ಲಿ ನೋಡಿದ ನಿರ್ದೇಶಕರು. ಸಂಕಲನವೊಂದು ಚೆನ್ನಾಗಿದೆ ಎನ್ನುವಾಗ ಆ ಮೆಚ್ಚುಗೆಯಲ್ಲಿ ಅವರಿಬ್ಬರ ಪಾಲೂ ಸೇರಿರುತ್ತದೆ. ಕೆಟ್ಟಿದೆ ಎನ್ನುವ ಮುಂಚೆ ಸಂಕಲನಕಾರನ ಕೈಗೆ ಬಂದದ್ದೇನು ಎಂದು ಕೇಳುವುದು ನ್ಯಾಯ.